ಹೊಲದ ಐಬು

ಕುರುವತ್ತಿ ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ಆಮೇಲೆ ಗೊರಸು ಎತ್ತಿಸುತ್ತಾನೆ, ಹತ್ತು ಹೆಜ್ಜೆ ನಡೆಸುತ್ತಾನೆ, ಹೆಗಲ ಮೇಲೂ ಬೆನ್ನ ಮೇಲೂ ಕೈಯಾಡಿಸಿ ಸುಳಿ ಎಲ್ಲಿದೆ ಎಂದು ಹುಡುಕುತ್ತಾನೆ. ‘ಏನಾರ ಐಬು ಐತೇನು?’ ಎಂದು ಕೇಳುವುದು ಎಲ್ಲಕ್ಕಿಂತ ಕೊನೆಗೆ. ಅಷ್ಟರೊಳಗೆ ಅವನ ಬೆರಳುಗಳಿಗೆ ಉತ್ತರ ಸಿಕ್ಕಿರುತ್ತದೆ.

ಹೊಲಕ್ಕೆ ಹಲ್ಲಿಲ್ಲ, ಸುಳಿಯಿಲ್ಲ. ಮಾಗಳದ ಹೊಳೆದಂಡೆಯ ಎರೆಮಣ್ಣನ್ನು ಹಿಡಿಯಲ್ಲಿ ಹಿಸುಕಿದರೆ ಅದರ ಕಸುವು ತಿಳಿಯುತ್ತದೆ. ಒಡೆತನದಲ್ಲಿರುವ ಬಿರುಕು ತಿಳಿಯುವುದಿಲ್ಲ. ಕಲ್ಲುಕುಟಿಗ ಸುತ್ತಿಗೆಯಿಂದ ತಟ್ಟಿ, ಬಂದ ದನಿಯಿಂದಲೇ ಕಲ್ಲಿನೊಳಗಿನ ಸೀಳು ಹೇಳುವ ಹಾಗೆ, ಹೊಲವನ್ನು ಮಾತಿನಿಂದ ತಟ್ಟಬೇಕು. ಹಾಗೆ ತಟ್ಟಲೆಂದು ಜನ ಕಟ್ಟಿಕೊಂಡ ಮಾತುಗಳನ್ನು ನಾನು ಬಹಳ ವರ್ಷದಿಂದ ಕೂಡಿಡುತ್ತ ಬಂದಿದ್ದೇನೆ. ಅವುಗಳಲ್ಲಿ ಕೆಲವು ಲ್ಯಾಟಿನ್, ಕೆಲವು ನಮ್ಮ ಸೀಮೆಯ ಕಲ್ಲು ತಾಮ್ರಗಳ ಮೇಲಿನವು.

ಲ್ಯಾಟಿನ್ನಿನಲ್ಲಿ ಐಬಿಗೆ ‘ವಿಟಿಯಂ’ ಎನ್ನುತ್ತಾರೆ. ಅದೂ ಸಂತೆಯ ಮಾತೇ. ರೋಮಿನ ಸಂತೆಗಳ ಮೇಲ್ವಿಚಾರಣೆ ನಡೆಸುತ್ತಿದ್ದ ಅಧಿಕಾರಿಗಳು, ಗುಲಾಮರನ್ನೂ ದನಗಳನ್ನೂ ಮಾರುವವರು ಅವರ ‘ಮಾರ್ಬಸ್’ ಮತ್ತು ‘ವಿಟಿಯಂ’, ಅಂದರೆ ರೋಗ ಮತ್ತು ಐಬು ಎರಡನ್ನೂ ಮೊದಲೇ ಹೇಳಬೇಕು ಎಂದು ಕಟ್ಟಳೆ ಮಾಡಿದ್ದರು. ಮನುಷ್ಯರನ್ನು ನಿಲ್ಲಿಸಿ ಮಾರಿದ ಕಟ್ಟೆಯ ಮೇಲೂ ಆಡಿದ ಮಾತಿದು. ಅದನ್ನು ಮರೆತು ನಾನು ಇದನ್ನು ಸವಿಯಲಾರೆ. ಶಕುನದಲ್ಲಿ ಬರುವ ದೋಷಕ್ಕೂ ರೋಮಿನವರು ಇದೇ ಪದ ಬಳಸುತ್ತಿದ್ದರು. ಹಕ್ಕಿಶಕುನ ಕೆಟ್ಟಿದ್ದಾಗ ಆರಿಸಿಬಂದ ಅಧಿಕಾರಿ ‘ವಿಟಿಯಂ’ ಹೊತ್ತವನೆಂದು ಕೆಳಗಿಳಿಯಬೇಕಾಗುತ್ತಿತ್ತು. ನಮ್ಮ ಎತ್ತಿನ ಸುಳಿಯೂ ಹೀಗೆಯೇ: ಮೈಮೇಲಿನ ಗುರುತು ಹೌದು, ಮನೆಗೆ ಆಗಿಬರುತ್ತದೋ ಇಲ್ಲವೋ ಎಂಬ ಶಕುನವೂ ಹೌದು.

ಸ್ಕಾಟ್ಲೆಂಡಿನ ನ್ಯಾಯಶಾಸ್ತ್ರ ಈ ಪದಕ್ಕೆ ಇನ್ನೊಂದು ಜೋಡಿಸಿ ‘ವಿಟಿಯಂ ರಿಯಾಲೆ’ ಎಂದಿತು. ಕದ್ದ ವಸ್ತುವಿಗೆ ಅಂಟಿದ ಐಬು ಅದು. ಐಬಿರುವುದು ಕದ್ದವನ ಕೈಯಲ್ಲಲ್ಲ, ವಸ್ತುವಿನ ಮೈಯಲ್ಲೇ. ಹತ್ತು ಜನ ಪ್ರಾಮಾಣಿಕರು ಹಣ ಕೊಟ್ಟು ಕೊಂಡು ದಾಟಿಸಿದರೂ ಅದು ತೊಳೆದುಹೋಗುವುದಿಲ್ಲ; ಮೂಲ ಒಡೆಯನ ಕೈಗೆ ಮರಳಿದ ಗಳಿಗೆಗೆ ಮಾತ್ರ ಬಿಟ್ಟುಹೋಗುತ್ತದೆ. ಇದನ್ನೇ ಅವರು ‘ಲೇಬೆಸ್ ರಿಯಾಲಿಸ್’ ಎಂದೂ ಕರೆಯುತ್ತಾರೆ. ಲೇಬೆಸ್ ಅಂದರೆ ಕಲೆ. ಬಿಳಿ ಪಂಚೆಯ ಮೇಲಿನ ಗೇರುಕಲೆ ನೆನೆದುಕೊಂಡರೆ ಈ ಪದ ನಮಗೆ ಪೂರ್ತಿ ದಕ್ಕುತ್ತದೆ.

ನಮ್ಮ ಅಜ್ಜ ಹೊಳೆದಂಡೆಯಲ್ಲಿ ಮೂರು ಎಕರೆ ಕೊಂಡಾಗ ಬರೆಸಿದ ದಸ್ತಾವೇಜು ನನ್ನ ಹತ್ತಿರ ಇದೆ. ಹಳದಿಗಟ್ಟಿದ ಛಾಪಾಕಾಗದ, ಮಡಿಕೆಯಲ್ಲಿ ಹರಿದಿದೆ. ತಲೆಬರಹ ‘ಶುದ್ಧ ಕ್ರಯಪತ್ರ’. ಈ ‘ಶುದ್ಧ’ ಎಂಬುದನ್ನು ನೋಡಿದಾಗಲೆಲ್ಲ ನನಗೆ ಹಿಗ್ಗು. ಬೇರೆ ಯಾವ ವ್ಯಾಪಾರಕ್ಕೂ ನಾವು ಮಡಿಯ ಮಾತು ಆಡುವುದಿಲ್ಲ. ಹೊಲ ಮಾತ್ರ ಮಿಂದು ಬರಬೇಕು. ಚೆಕ್ಕುಬಂದಿ ಬರೆದಾದ ಮೇಲೆ ಪತ್ರ ಉಸಿರು ಕಟ್ಟಿ ಓಡುತ್ತದೆ: ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ಎಂಟು ಭೋಗ. ಆಗಾಮಿ ಎಂದರೆ ಇನ್ನೂ ಬರಬೇಕಾದದ್ದು, ಸಾಧ್ಯ ಎಂದರೆ ದುಡಿದು ಮಾಡಿಕೊಳ್ಳಬಹುದಾದದ್ದು. ಹುಟ್ಟದ ಫಲವನ್ನೂ ಎಣಿಸಿ ಕೈಗಿಡುವ ಈ ಪಟ್ಟಿ ವಿಜಯನಗರ ಕಾಲದ ಶಾಸನಗಳಲ್ಲಿ ಹೇಗಿದೆಯೋ ಹಾಗೇ ನಮ್ಮ ತಾಲ್ಲೂಕು ಹಡಗಲಿಯ ಪತ್ರ ಬರೆಯುವವರ ಲೇಖಣಿಗೆ ಇಳಿದು ಬಂದಿದೆ.

ಆದರೆ ಪತ್ರದ ಕೊನೆಗೆ ಇಬ್ಬರದೇ ರುಜು ಇದೆ. ಹೊಲದ ಒಡೆಯರು ಅಣ್ಣತಮ್ಮಂದಿರು ಮೂವರು. ಕಿರಿಯವನು ದುಡಿಯಲು ಊರು ಬಿಟ್ಟು ಹೋಗಿದ್ದ. ಅವನು ಬರುವುದಿಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು, ಅಜ್ಜನೂ ಅಂದುಕೊಂಡಿದ್ದ. ಶುದ್ಧ ಕ್ರಯಪತ್ರದೊಳಗೆ ಕಾಣದ ಐಬು ಕೂತಿದ್ದು ಹೀಗೆ.

‘ನೆಮೊ ಡಾಟ್ ಕ್ವೋಡ್ ನಾನ್ ಹ್ಯಾಬೆಟ್’: ತನ್ನಲ್ಲಿಲ್ಲದ್ದನ್ನು ಯಾರೂ ಕೊಡಲಾರರು. ವಕೀಲರು ಅರ್ಧಕ್ಕೇ ನಿಲ್ಲಿಸಿ ‘ನೆಮೊ ಡಾಟ್’ ಅನ್ನುತ್ತಾರೆ. ‘ಯಾರೂ ಕೊಡರು’ ಎಂಬಷ್ಟೇ ಉಳಿದು, ಮಾತು ಇನ್ನೂ ಕಠಿಣವಾಗುತ್ತದೆ. ‘ಡಾಟ್’ ಮತ್ತು ನಮ್ಮ ‘ದತ್ತಿ’, ‘ದಾನ’ ಎಲ್ಲ ಒಂದೇ ಹಳೆಯ ಬೇರಿನ ಚಿಗುರುಗಳು. ಇದೇ ಸತ್ಯಕ್ಕೆ ಸ್ಮೃತಿಕಾರರು ಇಟ್ಟ ಹೆಸರು ‘ಅಸ್ವಾಮಿವಿಕ್ರಯ’, ಒಡೆಯನಲ್ಲದವನ ಮಾರಾಟ. ಹದಿನೆಂಟು ವ್ಯವಹಾರಪದಗಳಲ್ಲಿ, ಅಂದರೆ ವ್ಯಾಜ್ಯದ ಬಗೆಗಳಲ್ಲಿ, ಇದೂ ಒಂದು. ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿ ಕೂತು ವಿಜ್ಞಾನೇಶ್ವರ ಬರೆದ ಮಿತಾಕ್ಷರಾ ಯಾಜ್ಞವಲ್ಕ್ಯನ ಈ ನಿಯಮಗಳನ್ನು ಬಿಡಿಸುತ್ತದೆ. ಗುಟ್ಟಾಗಿ ಕೊಂಡವನು, ತೀರ ಕಡಿಮೆ ಬೆಲೆಗೆ ಕೊಂಡವನು, ಹೊತ್ತಲ್ಲದ ಹೊತ್ತಿನಲ್ಲಿ ಕೊಂಡವನು ಕಳ್ಳನ ಲೆಕ್ಕಕ್ಕೇ ಸೇರುತ್ತಾನೆ. ಲ್ಯಾಟಿನ್ ಸೂತ್ರ ತರ್ಕ ಹೇಳಿ ಮುಗಿಸುತ್ತದೆ. ಇಲ್ಲಿ ಕತ್ತಲು, ಪಿಸುಮಾತು, ಅಗ್ಗದ ಬೆಲೆ ಎಲ್ಲ ಕಣ್ಣಿಗೆ ಕಟ್ಟುತ್ತದೆ. ನನ್ನ ಒಲವು ಇದರ ಕಡೆಗೆ.

ಲ್ಯಾಟಿನ್ ಗೆಲ್ಲುವ ಕಡೆಯೂ ಇದೆ. ‘ಲಿಸ್ ಪೆಂಡೆನ್ಸ್’ ಎಂದರೆ ತೂಗುತ್ತಿರುವ ವ್ಯಾಜ್ಯ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 52ನೆಯ ಕಲಮಿನಲ್ಲಿರುವುದು ಇದೇ ತತ್ತ್ವ: ದಾವೆ ನಡೆಯುತ್ತಿರುವಾಗ ಹೊಲ ಕೊಂಡವನು ಆ ದಾವೆಯ ತೀರ್ಪಿಗೂ ತಲೆಬಾಗಬೇಕು. ಬಾವಿಯ ಮೇಲಿನ ಜಾಲಿಕೊಂಬೆಯಲ್ಲಿ ಗೀಜಗನ ಗೂಡು ತೂಗುತ್ತಿರುತ್ತದಲ್ಲ, ನನಗೆ ಕಾಣುವುದು ಅದು.

ಅನುಭೋಗದ ಐಬುಗಳು ಮೂರು: ‘ವೈ’, ‘ಕ್ಲಾಮ್’, ‘ಪ್ರಿಕೇರಿಯೊ’. ಬಲವಂತದಿಂದ, ಕದ್ದುಮುಚ್ಚಿ, ಬೇಡಿಕೊಂಡು. ಈ ಮೂರರಲ್ಲಿ ಯಾವುದೂ ಇಲ್ಲದೆ ಹನ್ನೆರಡು ವರ್ಷ ಪರರ ನೆಲವನ್ನು ತನ್ನದೆಂದೇ ಹಿಡಿದವನಿಗೆ ಕಾಲಮಿತಿ ಕಾಯ್ದೆ ದಾರಿ ಕೊಡುತ್ತದೆ. ವಿಜಯಪುರದ ಪುರಾತನ ಸ್ಮಾರಕದ ಆಸ್ತಿಗಾಗಿ ಕರ್ನಾಟಕ ವಕ್ಫ್ ಮಂಡಳಿಗೂ ಭಾರತ ಸರ್ಕಾರಕ್ಕೂ ನಡೆದ ಮೊಕದ್ದಮೆಯಲ್ಲಿ, 2004ರಲ್ಲಿ, ಸುಪ್ರೀಂ ಕೋರ್ಟು ಈ ಮೂರು ಪದಗಳನ್ನು ಎತ್ತಿ ಹೇಳಿತು. ಶಾಂತ, ಬಹಿರಂಗ, ನಿರಂತರ ಎಂದು ಅರ್ಥ ಕೊಟ್ಟಿತು. ಆ ಅರ್ಥದಲ್ಲಿ ‘ಪ್ರಿಕೇರಿಯೊ’ದ ಮೂಲ ಮರೆಯಾಗುತ್ತದೆ. ಅದರ ಬೇರು ‘ಪ್ರೆಕೆಸ್’, ಪ್ರಾರ್ಥನೆ. ‘ಈ ವರ್ಷ ಒಂದು ಬೆಳೆ ತೆಕ್ಕೊಂತೀನಿ ಗೌಡ್ರೆ’ ಎಂದು ಕೈಮುಗಿದು ಪಡೆದ ನೆಲ. ಕೈಮುಗಿದದ್ದೇ ಐಬಾಗುವುದು ನನಗೆ ಸಂಕಟದ ವಿಷಯ, ಆದರೂ ಪದದೊಳಗೆ ಆ ಮುಗಿದ ಕೈ ಇನ್ನೂ ಕಾಣುತ್ತದೆ.

ಸುಮ್ಮನಿದ್ದ ಒಡೆಯನ ಬಗ್ಗೆ ವಿಜ್ಞಾನೇಶ್ವರನದು ದೊಡ್ಡ ಮನಸ್ಸು. ಪರರು ಉಳುವುದನ್ನು ನೋಡಿಯೂ ಇಪ್ಪತ್ತು ವರ್ಷ ಮಾತಾಡದಿದ್ದವನಿಗೆ ಭೂಮಿಯ ಹಾನಿ ಎಂದು ಯಾಜ್ಞವಲ್ಕ್ಯನ ಮಾತು. ಹೋಗುವುದು ಆ ವರ್ಷಗಳ ಫಲ ಮಾತ್ರ, ನೆಲವಲ್ಲ ಎಂದು ಮಿತಾಕ್ಷರಾ ಅರ್ಥ ಮಾಡುತ್ತದೆ.

ಮಾಗಳದ ವೇಣುಗೋಪಾಲ ಗುಡಿಯನ್ನು ಅಲೆಕ್ಸಾಂಡರ್ ರೀ 1896ರ ತನ್ನ ಚಾಲುಕ್ಯ ವಾಸ್ತುಶಿಲ್ಪದ ಪುಸ್ತಕದಲ್ಲಿ ಬಾಗಳಿ, ಕುರುವತ್ತಿ, ಹಿರೇಹಡಗಲಿಗಳ ಜೊತೆಗೆ ಸೇರಿಸಿದ. ಈ ಗುಡಿಗಳ ಕಾಲದ ದತ್ತಿಶಾಸನಗಳಲ್ಲಿ ನಾನು ಹುಡುಕುವ ಮಾತು ‘ಸರ್ವಬಾಧಾಪರಿಹಾರ’. ಬಾಧೆ! ಹಸಿವಿನ ಬಾಧೆ, ಗಾಳಿ ಸೋಕಿದ ಬಾಧೆ ಎನ್ನುವ ಅದೇ ಬಾಧೆ. ಲ್ಯಾಟಿನ್ನಿಗೆ ಐಬು ವಸ್ತುವಿನ ಮೇಲಿನ ಕಲೆಯಾದರೆ, ನಮ್ಮ ಕಲ್ಲಿಗೆ ಅದು ನೆಲ ಪಡುವ ನೋವು. ನೋವೆಲ್ಲ ತೆಗೆದು, ನೀರು ಧಾರೆಯೆರೆದು, ಮೇಲೆ ಸೂರ್ಯಚಂದ್ರರನ್ನು ಕೆತ್ತಿ ಕೊಟ್ಟರು.

ಆ ಬಾಧೆಗಳು ಯಾವುವು ಎಂದು ಕೇಳಿದರೆ ಉತ್ತರ ಪಕ್ಕದೂರಿನಲ್ಲೇ ಸಿಕ್ಕಿತು. ಹಿರೇಹಡಗಲಿಯಲ್ಲಿ ದೊರೆತ ಪಲ್ಲವ ಶಿವಸ್ಕಂದವರ್ಮನ ತಾಮ್ರಪಟಗಳು ಪ್ರಾಕೃತದಲ್ಲಿವೆ. ಅವುಗಳಲ್ಲಿ ಬರುವ ಸಾತಾಹನಿ ರಟ್ಠವನ್ನು ವಿದ್ವಾಂಸರು ಬಳ್ಳಾರಿ ಸೀಮೆಯೆಂದು ಗುರುತಿಸುತ್ತಾರೆ. ಹಿಂದೆಯೇ ದತ್ತಿಯಾಗಿದ್ದ ತೋಟವನ್ನು ಖಾಯಂ ಮಾಡುತ್ತ ಅವು ಹದಿನೆಂಟು ಬಗೆಯ ಪರಿಹಾರ ಹೇಳುತ್ತವೆ: ಇಲ್ಲಿಂದ ಹಾಲು ಮೊಸರು ತೆಗೆದುಕೊಳ್ಳಕೂಡದು, ಉಪ್ಪು ಬೆಲ್ಲದ ಕಾಟ ಕೊಡಕೂಡದು, ಬಿಟ್ಟಿ ದುಡಿಸಕೂಡದು, ಸರದಿಯಂತೆ ಎತ್ತು ಹಿಡಿಯಕೂಡದು, ಹುಲ್ಲು ಕಟ್ಟಿಗೆ ಒಯ್ಯಕೂಡದು, ಕಾಯಿಪಲ್ಯ ಕೀಳಕೂಡದು, ಹೂ ಕೀಳಕೂಡದು. ‘ಪುಫ’ ಎಂದು ಬರೆದಿದೆ ಹೂವಿಗೆ. ಮಲ್ಲಿಗೆಯಿಂದಲೇ ಹೆಸರು ಮಾಡಿದ ತಾಲ್ಲೂಕಿನಲ್ಲಿ ಈ ಸಾಲು ಓದಿದ ದಿನ ನಾನು ಮುಂದೆ ಓದಲಿಲ್ಲ.

ಅಜ್ಜನ ಹೊಲದ ಕಿರಿಯ ಪಾಲುದಾರ ಒಂಬತ್ತು ವರ್ಷಕ್ಕೆ ಬಂದ. ಬದುವಿನ ಮೇಲೆ ಬಂದು ನಿಂತ, ಜಗಳ ಮಾಡಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ‘ನನ್ನ ಪಾಲು ನಾನು ಮಾರಿಲ್ಲಲ್ಲ ಯಜಮಾನ್ರೆ’ ಅಂದನಂತೆ ಅಷ್ಟೆ. ನೆಮೊ ಡಾಟ್ ಅನ್ನು ಅದಕ್ಕಿಂತ ಚೆನ್ನಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಜೋಳದ ಸುಗ್ಗಿ ಮುಗಿದ ಮೇಲೆ ಅಜ್ಜ ಅವನ ಪಾಲಿನ ಹಣ ಬೇರೆಯಾಗಿ ಎಣಿಸಿಕೊಟ್ಟ. ಎರಡನೆಯ ಪತ್ರ ಒಂದೇ ಹಾಳೆಯದು, ಹಕ್ಕು ಖುಲಾಸೆ ಪತ್ರ. ಅದರಲ್ಲಿ ಎಂಟು ಭೋಗಗಳಿಲ್ಲ, ಸೂರ್ಯಚಂದ್ರರಿಲ್ಲ. ಕೆಳಗೆ ಎಡಗೈ ಹೆಬ್ಬೆಟ್ಟಿನ ಒಂದು ಗುರುತಿದೆ. ನೇರಳೆ ಮಸಿ ಸ್ವಲ್ಪ ಹರಡಿದೆ, ಆದರೂ ಗೆರೆಗಳು ಒಂದೊಂದೂ ಎಣಿಸಲು ಸಿಗುತ್ತವೆ. ನಟ್ಟನಡುವೆ ಒಂದು ಸುಳಿ.