ನೆಲವಿಲ್ಲದ ರೈತ, ಮತವಿಲ್ಲದ ಪೌರ

ಹಾಸನ ಜಿಲ್ಲೆಯ ಗಂಡಸಿ ಸೀಮೆಯ ರೈತನಿಗೆ ರಾಜಕೀಯ ದೂರದ ಮಾತಲ್ಲ. 2008ರ ಮರುವಿಂಗಡಣೆಯವರೆಗೂ ಗಂಡಸಿಯೇ ಒಂದು ವಿಧಾನಸಭಾ ಕ್ಷೇತ್ರವಾಗಿತ್ತು. ಇದೇ ಜಿಲ್ಲೆಯ ಹರದನಹಳ್ಳಿಯ ರೈತನ ಮಗ ಎಚ್.ಡಿ. ದೇವೇಗೌಡರು 1996ರಲ್ಲಿ ಪ್ರಧಾನಿಯಾದರು. ಊರು, ನೆಂಟಸ್ತನ, ಜಮೀನು, ಮತ ಎಲ್ಲವೂ ಇದ್ದವನು ಮೇಲೇರುವ ದಾರಿ ನಮಗೆ ಗೊತ್ತಿದೆ. ಇವು ಯಾವುವೂ ಇಲ್ಲದ ನಾಡಿಗೆ ಹೋಗಿ ಬೇಸಾಯ ಮಾಡಿ, ಅಲ್ಲಿನ ಸಂಸತ್ತಿನಲ್ಲಿ ಕುಳಿತ ಒಬ್ಬ ರೈತನ ಬಾಳನ್ನು ಒಂದಿಷ್ಟು ಸಾವಧಾನವಾಗಿ ಸವಿಯಬೇಕು.

ದಲೀಪ್ ಸಿಂಗ್ ಸೌಂದ್ ಹುಟ್ಟಿದ್ದು 1899ರಲ್ಲಿ, ಪಂಜಾಬಿನ ಛಜ್ಜಲವಡ್ಡಿಯಲ್ಲಿ. 1920ರಲ್ಲಿ ಅಮೆರಿಕಕ್ಕೆ ಹೊರಟಾಗ ಹಣ್ಣು, ತರಕಾರಿ ಕೆಡದಂತೆ ಡಬ್ಬಿಯಲ್ಲಿ ತುಂಬಿಡುವ ವಿದ್ಯೆ ಕಲಿತು ಹಿಂದಿರುಗುವ ಆಸೆಯಿತ್ತು. ಬರ್ಕ್ಲಿಯ ವಿಶ್ವವಿದ್ಯಾಲಯದಲ್ಲಿ ಮನಸ್ಸು ಗಣಿತಕ್ಕೆ ಒಲಿಯಿತು; 1924ರಲ್ಲಿ ಡಾಕ್ಟರೇಟ್ ಬಂತು. ಆದರೆ ಅಂದಿನ ಅಮೆರಿಕದಲ್ಲಿ ಭಾರತೀಯನಿಗೆ ಪದವಿಗೆ ತಕ್ಕ ಕೆಲಸವೆಲ್ಲಿ? ಕ್ಯಾಲಿಫೋರ್ನಿಯದ ಇಂಪೀರಿಯಲ್ ಕಣಿವೆಗೆ ಹೋಗಿ ಹತ್ತಿ ಬಿಡಿಸುವ ಆಳುಗಳ ಮೇಸ್ತ್ರಿಯಾದರು, ಆಮೇಲೆ ತಾವೇ ಬೇಸಾಯಕ್ಕಿಳಿದರು.

ಆ ಕಣಿವೆಯ ಬಹುಭಾಗ ಸಮುದ್ರ ಮಟ್ಟಕ್ಕಿಂತಲೂ ಕೆಳಗಿರುವ ಮರಳುಗಾಡು. ಕೊಲೊರಾಡೊ ನದಿಯ ಕಾಲುವೆ ನೀರು ನಿಂತರೆ ಅಲ್ಲಿ ಹುಲ್ಲೂ ಇಲ್ಲ. ಕೊಳವೆಬಾವಿ ಬತ್ತಿ ತೆಂಗಿನ ಸುಳಿ ಒಣಗುವುದನ್ನು ಕಂಡ ಅರಸೀಕೆರೆಯವರಿಗೆ ಆ ನೀರಿನ ಬೆಲೆ ಹೇಳಿಕೊಡಬೇಕಿಲ್ಲ. ಆದರೆ ಸೌಂದರ ಕಷ್ಟ ನೀರಿನದಷ್ಟೇ ಆಗಿರಲಿಲ್ಲ. 1923ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಭಾರತೀಯರು ಪೌರರಾಗಲು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತ್ತು. ಪೌರರಾಗಲಾರದವರು ಜಮೀನು ಕೊಳ್ಳುವಂತಿಲ್ಲ, ಗುತ್ತಿಗೆಗೂ ಹಿಡಿಯುವಂತಿಲ್ಲ ಎಂಬುದು ಆಗಿನ ಕ್ಯಾಲಿಫೋರ್ನಿಯದ ಕಾನೂನು. ಅಲ್ಲಿನ ಎಷ್ಟೋ ಪಂಜಾಬಿ ರೈತರು ನಂಬಿಕಸ್ಥ ಗೆಳೆಯರ ಹೆಸರಿನಲ್ಲಿ ಉತ್ತು ಬಿತ್ತಿದರು.

ಈ ಬಾಳಿನ ನಿಜವಾದ ರುಚಿ ಸಿಗುವುದು ಇಲ್ಲಿಯೇ. 1930ರ ದಶಕದ ಆರ್ಥಿಕ ಕುಸಿತದಲ್ಲಿ ಬೆಳೆಗೆ ಬೆಲೆಯಿಲ್ಲದೆ ಸೌಂದ್ ಸಾಲದಲ್ಲಿ ಮುಳುಗಿದರು. ದಿವಾಳಿ ಅರ್ಜಿ ಹಾಕಿದ್ದರೆ ಸಾಲ ಹರಿಯುತ್ತಿತ್ತು. ಅವರು ಹಾಕಲಿಲ್ಲ, ವರ್ಷಗಟ್ಟಲೆ ದುಡಿದು ತೀರಿಸಿದರು. ತನ್ನನ್ನು ತನ್ನವನೆನ್ನದ ನಾಡಿನಲ್ಲಿ ಮಾತಿಗೆ ತಪ್ಪದೆ ಬಾಳಿದ ಆ ನಡತೆಯೇ ಅವರ ಮೊದಲ ಪೌರತ್ವ. ಕಾಗದ ಬಂದದ್ದು ಬಹಳ ತಡವಾಗಿ. ಅದಕ್ಕಾಗಿ ಅವರು ಕೈಕಟ್ಟಿ ಕಾಯಲೂ ಇಲ್ಲ. 1942ರಲ್ಲಿ ಭಾರತೀಯರ ಸಂಘವೊಂದರ ಅಧ್ಯಕ್ಷರಾಗಿ ಪೌರತ್ವದ ಹಕ್ಕಿಗೆ ಓಡಾಡಿದರು. 1946ರಲ್ಲಿ ಕಾನೂನು ಬದಲಾಯಿತು, 1949ರಲ್ಲಿ ಸೌಂದ್ ಅಮೆರಿಕದ ಪೌರರಾದರು.

ಮರುವರ್ಷವೇ ವೆಸ್ಟ್‌ಮೋರ್ಲೆಂಡ್ ಪಟ್ಟಣದ ನ್ಯಾಯಾಧೀಶರ ಚುನಾವಣೆಯಲ್ಲಿ ಗೆದ್ದರು. ಪೌರರಾಗಿ ವರ್ಷ ತುಂಬಿಲ್ಲವೆಂದು ಆ ಗೆಲುವು ರದ್ದಾಯಿತು. 1952ರಲ್ಲಿ ಮತ್ತೆ ನಿಂತು ಮತ್ತೆ ಗೆದ್ದರು. ಆ ಪ್ರಚಾರದ ಕಾಲದಲ್ಲಿ ಒಬ್ಬ, ನೀನು ಗೆದ್ದರೆ ನಿನ್ನ ಕೋರ್ಟಿಗೆ ಬರಲು ಬೇಕಾದ ಮುಂಡಾಸನ್ನು ನೀನೇ ಕೊಡುತ್ತೀಯೋ, ನಾವೇ ಕೊಳ್ಳಬೇಕೋ ಎಂದು ನಾಲ್ಕು ಜನರೆದುರು ಕೆಣಕಿದನಂತೆ. ತಲೆಯ ಮೇಲೇನಿದೆ ಎಂಬುದು ತನಗೆ ಮುಖ್ಯವಲ್ಲ, ತಲೆಯ ಒಳಗೇನಿದೆ ಎಂಬುದೇ ಮುಖ್ಯ ಎಂದು ಸೌಂದ್ ನಗುತ್ತಲೇ ಉತ್ತರಿಸಿದರು. ಹಳೇಬೀಡಿನ ಬಳಪದ ಕಲ್ಲು ಗಣಿಯಿಂದ ಬಂದಾಗ ಮೃದು. ಗಾಳಿಗೆ ಒಡ್ಡಿಕೊಂಡಷ್ಟೂ ಗಟ್ಟಿಯಾಗುತ್ತದೆ, ಆದರೆ ಕೆತ್ತಿದ ನಗು ಹಾಗೇ ಇರುತ್ತದೆ. ಮೂವತ್ತು ವರ್ಷದ ಬಿಸಿಲು, ಅವಮಾನಗಳಲ್ಲಿ ಗಟ್ಟಿಯಾದ ಈ ಮನುಷ್ಯನೂ ಹಾಗೆಯೇ.

1956ರಲ್ಲಿ ಅಮೆರಿಕದ ಕಾಂಗ್ರೆಸ್ಸಿಗೆ ಸ್ಪರ್ಧಿಸಿದರು. ಎದುರಿಗಿದ್ದವರು ಜಗತ್ಪ್ರಸಿದ್ಧ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್. ಹೆಸರೂ ಹಣವೂ ಅವರ ಕಡೆಗಿತ್ತು. ಸೌಂದರ ಕಡೆ ಹೆಂಡತಿ, ಮಕ್ಕಳು, ಗೆಳೆಯರು ಮನೆಮನೆಗೆ ನಡೆದರು. ಗೆದ್ದವರು ಸೌಂದ್. ಏಷ್ಯಾ ಮೂಲದವರೊಬ್ಬರು ಆ ಸಭೆಗೆ ಪೂರ್ಣ ಮತಾಧಿಕಾರವುಳ್ಳ ಸದಸ್ಯರಾಗಿ ಆರಿಸಿಬಂದದ್ದು ಅದೇ ಮೊದಲು. ಮೂರು ಅವಧಿ ಸೇವೆ ಮಾಡಿದರು. 1962ರಲ್ಲಿ ಲಕ್ವ ಹೊಡೆದು ರಾಜಕೀಯ ನಿಂತಿತು, 1973ರಲ್ಲಿ ತೀರಿಕೊಂಡರು.

ಈ ಕತೆಯ ಸವಿಯಲ್ಲಿ ಸೌಂದರನ್ನು ಆರಿಸಿದ ಜನರಿಗೂ ಪಾಲಿದೆ. ಎಲ್ಲಿಂದಲೋ ಬಂದವನ ದುಡಿಮೆಯನ್ನೂ ನಡೆನುಡಿಯನ್ನೂ ಕಂಡು ಅವರು ಮತ ಕೊಟ್ಟರು. ಇಂದು ಹಾಸನದ ಶುಂಠಿ ಹೊಲಗಳಿಗೆ ಕೇರಳದಿಂದ, ಬೇಲೂರಿನ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಜನ ಬರುತ್ತಿದ್ದಾರೆ. ಅವರನ್ನು ಆಳುಲೆಕ್ಕದಲ್ಲಷ್ಟೇ ಬರೆದಿಟ್ಟರೆ ನಮಗೇ ನಷ್ಟ. ಹೆಸರು, ಊರು ಕೇಳಿ ಪಂಕ್ತಿಯಲ್ಲಿ ಕೂರಿಸಿಕೊಂಡರೆ ಅವರಲ್ಲೊಬ್ಬ ನಾಳೆ ನಮ್ಮ ಪಂಚಾಯಿತಿಯಲ್ಲಿ ನಮ್ಮ ಪರವಾಗಿಯೇ ನಿಂತು ಮಾತಾಡಬಲ್ಲ.