‘ಚಲೋ ಅದ, ಮಾಡಪ್ಪ’ ಅಂದರೆ ಸಾಕೇ?

ಶಹಾಬಾದದ ಫರ್ಸಿ ಕಲ್ಲಿನ ಪಾಲಿಶ್ ಘಟಕವೊಂದಕ್ಕೆ ಕಲಬುರಗಿಯ ಎಂಜಿನಿಯರಿಂಗ್ ಹುಡುಗನೊಬ್ಬ ಹೋಗಿ, ‘ಸಾವುಕಾರ್ರೆ, ನಿಮ್ಮ ವ್ಯಾಪಾರದ ಲೆಕ್ಕಕ್ಕ ಒಂದು ಆ್ಯಪ್ ಮಾಡಿದ್ರ ಹ್ಯಾಂಗ್ರಿ?’ ಎಂದು ಕೇಳಿದರೆ, ‘ಚಲೋ ಅದ, ಮಾಡಪ್ಪ’ ಎಂಬ ಉತ್ತರ ಬರುವುದೇ ಹೆಚ್ಚು. ಜೊತೆಗೆ ಒಂದು ಕಪ್ ಚಹಾ. ಬಾಗಿಲಿಗೆ ಬಂದ ಹುಡುಗನ ಉತ್ಸಾಹಕ್ಕೆ ತಣ್ಣೀರೆರಚುವ ರೂಢಿ ಈ ಸೀಮೆಯಲ್ಲಿಲ್ಲ. ಇಂಥ ಹತ್ತು ಉತ್ತರಗಳನ್ನು ಕೂಡಿಹಾಕಿ, ಬೇಡಿಕೆ ಖಾತ್ರಿಯಾಯಿತೆಂದು ತಿಂಗಳುಗಟ್ಟಲೆ ಕೋಡ್ ಬರೆಯಲು ಕೂರುವುದು ನಮ್ಮ ಹೊಸ ಉದ್ಯಮಿಗಳ ದೊಡ್ಡ ದೋಷ.

ಕಟ್ಟುವ ಮೊದಲೇ ಬೇಡಿಕೆಯನ್ನು ಪರೀಕ್ಷಿಸುವ ಪದ್ಧತಿಗೆ ಈಗ ಶಾಸ್ತ್ರವೇ ಇದೆ. ಆಫೀಸು ಬಿಟ್ಟು ಗ್ರಾಹಕರ ಬಳಿಗೆ ಹೋಗಿ ಎಂದವರು ಅಮೆರಿಕದ ಸ್ಟೀವ್ ಬ್ಲ್ಯಾಂಕ್. ಅದನ್ನು ಜನಪ್ರಿಯಗೊಳಿಸಿದ್ದು ಎರಿಕ್ ರೀಸ್ ಅವರ 2011ರ ‘ದಿ ಲೀನ್ ಸ್ಟಾರ್ಟಪ್’. ಇವೆರಡಕ್ಕಿಂತ ನಮ್ಮ ಊರುಗಳಿಗೆ ಹೆಚ್ಚು ಒದಗುವುದು ರಾಬ್ ಫಿಟ್ಜ್‌ಪ್ಯಾಟ್ರಿಕ್ ಅವರ ‘ದಿ ಮಾಮ್ ಟೆಸ್ಟ್’. ನಿಮ್ಮ ಐಡಿಯಾದ ಸುದ್ದಿಯನ್ನೇ ಎತ್ತಬೇಡಿ, ಎದುರಿನವರು ಈವರೆಗೆ ಏನು ಮಾಡಿದ್ದಾರೆಂದು ಕೇಳಿ ಎನ್ನುವುದು ಅದರ ಸಾರ. ಫರ್ಸಿ ವ್ಯಾಪಾರಿಯನ್ನು ಹಾಗೆ ಕೇಳಬಹುದು: ಹೋದ ವಾರದ ಲಾರಿ ಯಾವ ಊರಿಗೆ ಹೋಯಿತು? ಚದರಡಿಯ ದರ ಯಾರು ಕುದುರಿಸಿದರು? ದಾರಿಯಲ್ಲಿ ಎಷ್ಟು ಕಲ್ಲು ಒಡೆದವು, ಆ ಲುಕ್ಸಾನು ಯಾರ ತಲೆಗೆ ಬಂತು? ಉದ್ರಿ ಯಾವಾಗ ವಸೂಲಾಯಿತು, ಅದನ್ನೆಲ್ಲ ಬರೆದಿಟ್ಟವರು ಯಾರು? ಕೊನೆಯ ಪ್ರಶ್ನೆಗೆ ‘ನಮ್ಮ ಗುಮಾಸ್ತರು’ ಎಂಬ ಉತ್ತರ ಬಂದರೆ ಚಿತ್ರವೇ ಬದಲಾಗುತ್ತದೆ. ದುಡ್ಡು ಕೊಡುವವರು ಸಾವುಕಾರರು, ದಿನಾ ಬಳಸಬೇಕಾದವರು ಗುಮಾಸ್ತರು. ಗುಮಾಸ್ತರಿಗೆ ಬೇಡವಾದ ಆ್ಯಪ್ ಆ ಘಟಕದಲ್ಲಿ ವಾರವೂ ಬಾಳದು.

ಕೆಲಸ ನಡೆಯುವ ಮೇಜಿನ ಮೇಲೆಯೇ ಪರೀಕ್ಷೆ ಆಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದೇ ಕಲಬುರಗಿ ಜಿಲ್ಲೆಯಲ್ಲಿ ಸಾಕ್ಷಿಯಿದೆ. ರಾಜ್ಯದಲ್ಲಿ ಭೂದಾಖಲೆಗಳ ಗಣಕೀಕರಣದ ಪ್ರಾಯೋಗಿಕ ಯೋಜನೆ ಕೇಂದ್ರದ ನೆರವಿನಿಂದ 1991ರಲ್ಲಿ ಶುರುವಾದದ್ದು ಸೇಡಂ, ಚಿತ್ತಾಪುರ, ಚಿಂಚೋಳಿ ಒಳಗೊಂಡ ಆಗಿನ ಗುಲಬರ್ಗಾ ಜಿಲ್ಲೆಯಲ್ಲಿ. 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಅದು ಮಂಜೂರಾಯಿತು. ದಾಖಲೆ ತಿದ್ದುಪಡಿಯಾಗುವುದು ತಾಲ್ಲೂಕು ಮಟ್ಟದಲ್ಲಿ. ಆದರೆ ಕಂಪ್ಯೂಟರನ್ನು ಅಲ್ಲಿ ಇಡುವ ಏರ್ಪಾಡೇ ಯೋಜನೆಯಲ್ಲಿರಲಿಲ್ಲ. ಒಮ್ಮೆ ತುಂಬಿದ ಮಾಹಿತಿ ಅಲ್ಲಿಗೇ ಹಳತಾಯಿತು. ಒಂದು ಜಿಲ್ಲೆಯಲ್ಲಿ ಕಾಣಬಹುದಾಗಿದ್ದ ಕೊರತೆಯನ್ನು ತಿದ್ದದೆ ರಾಜ್ಯಕ್ಕೆಲ್ಲ ಹಬ್ಬಿಸಿದ್ದು ಖಂಡಿತ ತಪ್ಪು.

ಅದನ್ನು ಸರಿಪಡಿಸಿದ್ದು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳತ್ವದ ‘ಭೂಮಿ’ ಯೋಜನೆ. ತಾಲ್ಲೂಕು ಕಚೇರಿಯಲ್ಲೇ ಕಿಯೋಸ್ಕ್, ಒಳಗೆ ನಡೆಯುವುದನ್ನು ರೈತರೂ ನೋಡಲೆಂದು ಅವರತ್ತ ತಿರುಗಿಸಿದ ಎರಡನೇ ಪರದೆ, ಪಹಣಿಗೆ ಆಗ 15 ರೂಪಾಯಿ. ಆದರೆ ಈ 15 ರೂಪಾಯಿಯನ್ನು ಬೇಡಿಕೆಯ ಪೂರ್ಣ ಪುರಾವೆಯೆಂದು ಹಿಡಿಯುವಂತಿಲ್ಲ. ಕೈಬರಹದ ಪಹಣಿಯ ಮಾನ್ಯತೆಯನ್ನೇ ಸರ್ಕಾರ ರದ್ದು ಮಾಡಿತ್ತು. ಖಾಸಗಿ ಉದ್ಯಮಕ್ಕೆ ಅಂಥ ಆದೇಶದ ಬಲ ಇರುವುದಿಲ್ಲ.

ಅದಕ್ಕೆ ಉಳಿಯುವ ದಾರಿ ಬೆಂಗಳೂರಿನ ರೆಡ್‌ಬಸ್ ತುಳಿದದ್ದು. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಪರದಾಡಿದ ಫಣೀಂದ್ರ ಸಾಮ, ಗೆಳೆಯರೊಂದಿಗೆ ಬಸ್ ಮಾಲೀಕರಿಗಾಗಿ ಸಾಫ್ಟ್‌ವೇರ್ ಬರೆದರು. ಮಾಲೀಕರು ಆಸಕ್ತಿ ತೋರಲಿಲ್ಲ. ಸಾಫ್ಟ್‌ವೇರನ್ನು ಬದಿಗಿಟ್ಟು ಕೆಲವೇ ಸೀಟು ಕೇಳಿ ಪಡೆದು, 2006ರಲ್ಲಿ ತಾವೇ ಟಿಕೆಟ್ ಮಾರತೊಡಗಿದರು. ಟಿಕೆಟ್ ಮಾರಿ ಬಂದ ಹಣದ ಮುಂದೆ ಯಾವ ವಾದವೂ ಬೇಕಾಗಲಿಲ್ಲ. ಮರುವರ್ಷ ಇದೇ ದಾರಿ ಹಿಡಿದು ಪುಸ್ತಕ ಮಾರತೊಡಗಿದ ಫ್ಲಿಪ್‌ಕಾರ್ಟ್‌ಗೆ ಬಂದ ಮೊದಲ ಆರ್ಡರು ಸೇಡಂನ ಆಚೆ, ಈಗಿನ ತೆಲಂಗಾಣದ ಮೆಹಬೂಬ್‌ನಗರದ್ದು. ಪುಸ್ತಕದ ದಾಸ್ತಾನು ಇಟ್ಟುಕೊಳ್ಳದೆ ಆರ್ಡರು ಬಂದ ಮೇಲೆಯೇ ಅದರ ಸ್ಥಾಪಕರು ಬೆಂಗಳೂರಿನ ಅಂಗಡಿಗಳಲ್ಲಿ ಪ್ರತಿ ಹುಡುಕಿದರು.

ಇಷ್ಟಾದರೂ ಈ ಪದ್ಧತಿಗೆ ಒಂದು ಕುರುಡುತನ ಇದೆ. ದುಡ್ಡು ಕೊಡಬಲ್ಲವರ ಬೇಡಿಕೆಯಷ್ಟೇ ಅದಕ್ಕೆ ಕಾಣುತ್ತದೆ. ಖಣಿಯಲ್ಲಿ ಕಲ್ಲು ಎಬ್ಬಿಸುವ ಕೂಲಿಯಾಳುಗಳಿಗೆ ತಮ್ಮ ಹಾಜರಿ, ಮುಂಗಡದ ಲೆಕ್ಕ ಮೊಬೈಲಿನಲ್ಲಿ ಸಿಗುವುದು ನಿಜವಾಗಿ ಅಗತ್ಯ. ಅವರು ಚಂದಾ ಕಟ್ಟಲಾರರೆಂದು ಬೇಡಿಕೆಯೇ ಇಲ್ಲ ಎಂದು ಬರೆದುಕೊಳ್ಳುವುದು ಅನ್ಯಾಯ. ಅಂಥ ಸಾಫ್ಟ್‌ವೇರಿನ ಖರ್ಚನ್ನು ಸರ್ಕಾರವೋ ಸಹಕಾರ ಸಂಘವೋ ಹೊರಬೇಕು.

ಶಹಾಬಾದ, ವಾಡಿಗಳಲ್ಲಿ ಸಾಫ್ಟ್‌ವೇರ್ ಉದ್ಯಮಕ್ಕೆ ಇಳಿಯುವ ಹುಡುಗ ಹುಡುಗಿಯರು ಮೊದಲ ತಿಂಗಳು ಒಂದು ಸಾಲೂ ಕೋಡ್ ಬರೆಯದಿರಲಿ. ಒಂದೇ ಒಂದು ಘಟಕ ಹಿಡಿದು, ಪ್ರತಿ ಸಂಜೆ ಗುಮಾಸ್ತರ ಪಕ್ಕ ಕೂತು ಲಾರಿ, ಉದ್ರಿ, ಒಡಕಿನ ಲೆಕ್ಕವನ್ನು ಎಕ್ಸೆಲ್‌ನಲ್ಲಿ ತುಂಬಿ ಸಾವುಕಾರರ ವಾಟ್ಸ್‌ಆ್ಯಪ್‌ಗೆ ಕಳಿಸಲಿ. ಅದಕ್ಕೆ ಸಣ್ಣದಾದರೂ ಒಂದು ಮೊತ್ತವನ್ನು ಸಂಕೋಚವಿಲ್ಲದೆ ಕೇಳಲಿ. ಎರಡನೇ ತಿಂಗಳಿನ ಹಣವೂ ಬಂದರೆ ಆ್ಯಪ್ ಕಟ್ಟಲಿ. ಬಾರದಿದ್ದರೆ ಹೋದದ್ದು ಒಂದೆರಡು ತಿಂಗಳ ದುಡಿಮೆ ಮಾತ್ರ.