ಜನವರಿ 31ರ ಮುಂದಿನ ತಿಂಗಳು

ವಾರಗಳ ಸರಣಿಯ ಬಗ್ಗೆ ಬರೆಯುತ್ತೇನೆಂದು ಹೋದ ಸಲ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಪರಿಚಯದವರೊಬ್ಬರು 2025ರ ತಿಂಗಳ ಕೊನೆಯ ದಾಸ್ತಾನಿನ ಪಟ್ಟಿ ತಂದು ಮುಂದಿಟ್ಟರು. ಫೆಬ್ರವರಿಯೇ ಇಲ್ಲ, ಮಾರ್ಚ್ ಎರಡು ಸಲ. ‘ನಿಮ್ಮ ಆರ್‌ಗೆ ತಿಂಗಳ ಲೆಕ್ಕ ಬರೋದಿಲ್ವೇ ಸಾರ್?’

ಬರುತ್ತದೆ. ಜನವರಿ 31ರಿಂದ ತಿಂಗಳಿಗೊಂದರಂತೆ 12 ತಾರೀಖು ಕೊಡು ಎಂದರೆ ಆರ್ ಭಾಷೆಯ ಸೀಕ್ (seq) ಫಂಕ್ಷನ್ ತಿಂಗಳನ್ನಷ್ಟೇ ಮುಂದೂಡುತ್ತದೆ, 31ನ್ನು ಮುಟ್ಟುವುದಿಲ್ಲ. ಫೆಬ್ರವರಿ 31 ಎಲ್ಲಿದೆ? ಮಿಕ್ಕ ಮೂರು ದಿನ ಮುಂದಕ್ಕೆ ಚೆಲ್ಲಿ ಮಾರ್ಚ್ 3 ಆಗುತ್ತದೆ. ಆಮೇಲೆ ಮಾರ್ಚ್ 31, ಮೇ 1, ಮೇ 31, ಜುಲೈ 1... ಕೊನೆಗೆ ಎಣಿಸಿದರೆ ತಾರೀಖು 12, ತಿಂಗಳು ಏಳೇ! ಕೈಪಿಡಿಯಲ್ಲಿ ಇದನ್ನು ಬಿಡಿಸಿ ಬರೆದಿದ್ದಾರೆ. ಓದುವವರು ಯಾರು?

ಇಂಥ ಹೊತ್ತಿಗೇ ಕಾದಿರುವ, ತಾರೀಖಿನ ಲೆಕ್ಕದ ಲುಬ್ರಿಡೇಟ್ ಪ್ಯಾಕೇಜಿನ ಪಂಥದವರಿಗೆ ಒಂದು ಮಾತು. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ನಿಮ್ಮ ಪ್ಯಾಕೇಜು ‘ಎನ್‌ಎ’ ಎಂದು ಕೈಚೆಲ್ಲುತ್ತದೆ. ಪ್ರಾಮಾಣಿಕ ಉತ್ತರ, ಒಪ್ಪಿದೆ. ಆದರೆ ತಿಂಗಳ ಕೊನೆಗೆ ನಿಲ್ಲಿಸುವ ನಿಮ್ಮ ಇನ್ನೊಂದು ಕೂಡುಚಿಹ್ನೆ ಇದೆಯಲ್ಲ, ಅದು ಫೆಬ್ರವರಿ 28ಕ್ಕೆ ತಂದುಬಿಡುತ್ತದೆ. ಅಲ್ಲಿಂದ ಮತ್ತೊಂದು ತಿಂಗಳು ಕೂಡಿಸಿದರೆ ಮಾರ್ಚ್ 28. ಹೊರಟದ್ದು 31ರಿಂದ ಎಂಬುದೇ ಮರೆತುಹೋಯಿತು! ಸೀಕ್ ದಾರಿ ತಪ್ಪಿದರೂ ಹೊರಟ ಊರನ್ನು ಮರೆಯುವುದಿಲ್ಲ.

ಅಷ್ಟಕ್ಕೂ ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಯಾಕೆ? ಫೆಬ್ರವರಿ 1ರಿಂದ ತಿಂಗಳ ಸರಣಿ ಮಾಡಿ, ಇಡೀ ಸರಣಿಯಿಂದ ಒಂದು ಕಳೆಯಿರಿ. ಆರ್‌ನ ತಾರೀಖು ಅಂದರೆ 1970ರ ಜನವರಿ 1ರಿಂದ ಎಣಿಸಿದ ದಿನಗಳ ಸಂಖ್ಯೆ ತಾನೆ. ಒಂದು ಕಳೆದರೆ ಹಿಂದಿನ ದಿನ. ಜನವರಿ 31, ಫೆಬ್ರವರಿ 28, ಮಾರ್ಚ್ 31, ಏಪ್ರಿಲ್ 30. ಅಧಿಕ ವರ್ಷವಾದರೆ 29 ತಾನಾಗಿ ಬರುತ್ತದೆ.

ಇಲ್ಲದ ಫೆಬ್ರವರಿಯ ಮಾತು ಬಂತಲ್ಲ, ಫೆಬ್ರವರಿ 30 ಒಂದು ಸಲ ಇತ್ತು. ಸ್ವೀಡನ್ನಿನವರು 1700ರಿಂದ ಅಧಿಕ ದಿನಗಳನ್ನು ಒಂದೊಂದಾಗಿ ಬಿಡುತ್ತ, ನಿಧಾನವಾಗಿ ಗ್ರೆಗೋರಿಯನ್ ಕ್ಯಾಲೆಂಡರಿಗೆ ಸೇರಿಕೊಳ್ಳಲು ಹೊರಟರು. ಮೊದಲ ವರ್ಷ ಬಿಟ್ಟರು; 1704, 1708ರಲ್ಲಿ ಬಿಡಲಿಲ್ಲ. ಅತ್ತ ಜೂಲಿಯನ್ನೂ ಅಲ್ಲ, ಇತ್ತ ಗ್ರೆಗೋರಿಯನ್ನೂ ಅಲ್ಲ. ಕೊನೆಗೆ ಹಳೆಯ ಲೆಕ್ಕಕ್ಕೇ ಮರಳಲು 1712ರ ಫೆಬ್ರವರಿಗೆ ಒಂದು ದಿನ ಹೆಚ್ಚು ಸೇರಿಸಿದರು. ಅಧಿಕ ವರ್ಷ ಬೇರೆ, ಹಾಗಾಗಿ 30 ದಿನ. ಗ್ರೆಗೋರಿಯನ್ನಿಗೆ ಒಂದೇ ನೆಗೆತದಲ್ಲಿ ಹಾರಿದ್ದು 1753ರಲ್ಲಿ: ಫೆಬ್ರವರಿ 17ರ ಮರುದಿನ ಮಾರ್ಚ್ 1.

1712ರ ಆ ಫೆಬ್ರವರಿ 30ರಂದು ಹುಟ್ಟಿದ ಸ್ವೀಡನ್ನಿನ ಕೂಸಿನ ತಾರೀಖನ್ನು ಆರ್ ಇವತ್ತಿಗೂ ಒಪ್ಪುವುದಿಲ್ಲ. ವಾರಗಳ ಲೆಕ್ಕ ಮುಂದಿನ ವಾರ.